ಪಟ್ಟಿ ಜಾರಿತು ಎಂದೆ

ನೇತ್ರಾಣಿ ದ್ವೀಪದ ಹತ್ತಿರ ಸಮುದ್ರದೊಳಗೆ ನನ್ನ ಮಾಸ್ಕ್ ಹೋದ ಕಥೆಯನ್ನು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳದವರಿಲ್ಲ. ಮೊದಲ ಸಲ ಹೇಳಿದಾಗ ಮಾಸ್ಕಿನ ಪಟ್ಟಿ ಜಾರಿತ್ತು. ಐದಾರನೇ ಸಲಕ್ಕೆ ಮುಂದೆ ಈಜುತ್ತಿದ್ದ ಯಾರದೋ ಫಿನ್ ನನ್ನ ಮುಖಕ್ಕೆ ಬಡಿದಿತ್ತು. ಒಂದು ಮದುವೆ ಮನೆಯಲ್ಲಿ, ಎರಡನೇ ಪಂಕ್ತಿಗೆ ಕಾಯುತ್ತ ಕೂತವರ ಎದುರು, ಸಮುದ್ರದ ಸೆಳೆತವೇ ಅದನ್ನು ಕಿತ್ತುಕೊಂಡು ಹೋಯಿತು. ಕೇಳುವವರ ಕಣ್ಣು ಅಗಲವಾದಷ್ಟೂ ನನ್ನ ಸಮುದ್ರ ಒರಟಾಗುತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಬರೆಯಲು ಕೂತಾಗಲೂ ಕೈ ಮೊದಲು ಹೋದದ್ದು ‘ಪಟ್ಟಿ’ ಎಂಬ ಪದದ ಕಡೆಗೇ.

ನಾನು ಶಿವಮೊಗ್ಗದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ತುಂಗೆಯಲ್ಲಿ ಈಜು ಕಲಿತವನು. ಅಂದರೆ ತಲೆಯನ್ನು ಆಮೆಯ ಹಾಗೆ ಮೇಲೆತ್ತಿಕೊಂಡು, ಮೂಗಿಗೆ ಒಂದು ಹನಿ ತಾಗದಂತೆ ಈಜುವ ಪೈಕಿ. 2022ರ ಅಕ್ಟೋಬರ್ ಕೊನೆಗೆ ನಟ ಪುನೀತ್ ರಾಜ್‌ಕುಮಾರ್ ಅವರ ‘ಗಂಧದಗುಡಿ’ ಸಿನಿಮಾ ತೆರೆಗೆ ಬಂದಾಗ ಮಗಳ ಜೊತೆ ಹೋಗಿ ನೋಡಿದೆ. ಪುನೀತ್ ತೀರಿಕೊಂಡು ಆಗಷ್ಟೇ ಒಂದು ವರ್ಷ. ಅವರು ನೇತ್ರಾಣಿಯ ನೀರಿಗಿಳಿಯುವುದನ್ನು ನೋಡುತ್ತ ಥಿಯೇಟರಿನಲ್ಲಿ ಅನೇಕರು ಕಣ್ಣೊರೆಸಿಕೊಳ್ಳುತ್ತಿದ್ದರು, ನಾನೂ. ಹೊರಗೆ ಬಂದು ಸ್ಕೂಟರಿನ ಸ್ಟ್ಯಾಂಡ್ ತೆಗೆಯುವಾಗ ಮಗಳು, “ಅಪ್ಪ, ನೀನೂ ಸ್ಕೂಬಾ ಡೈವಿಂಗ್ ಕಲಿ. ನಾನೂ ಜೊತೆಗೆ ಬರ್ತೀನಿ” ಎಂದಳು. ಅವಳು ಹಿಂದಿನ ವರ್ಷ ಅಂಡಮಾನಿನಲ್ಲಿ ಕಲಿತು ಬಂದಿದ್ದಳು. ಐವತ್ತು ದಾಟಿದ ಅಪ್ಪನಿಗೆ ಮಗಳು ಇಂಥ ಮಾತು ಹೇಳಿದ ಮೇಲೆ ಮಂಡಿನೋವಿನ ನೆಪ ಹೇಳಲು ಬಾಯಿ ಬರುವುದಿಲ್ಲ.

ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಹೋದೆವು. ನಾಲ್ಕು ದಿನದ ಕೋರ್ಸು. ಮುಗಿಸಿದರೆ 18 ಮೀಟರ್ ಆಳದವರೆಗೆ ಇಳಿಯಲು ಅರ್ಹತೆಯ ಕಾರ್ಡು. ಕಲಿಸುವವನು ಅಲ್ಲಿಯದೇ ಮೀನುಗಾರರ ಮನೆಯ ಹುಡುಗ. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸು. ಮೊದಲ ದಿನದ ಪಾಠದಲ್ಲಿ ಅವನು, “ಹತ್ತು ಮೀಟರ್ ಕೆಳಗೆ ಹೋದ್ರೆ ಒತ್ತಡ ಎರಡು ಪಟ್ಟು ಆಗ್ತದೆ” ಎಂದು ಶುರುಮಾಡಿದ್ದೇ ತಡ, ನನ್ನೊಳಗಿನ ಮೇಷ್ಟ್ರು ಎದ್ದು ನಿಂತ. ಮಾರ್ಕರ್ ಇಸಿದುಕೊಂಡು ಬೋರ್ಡಿನ ಮೇಲೆ ಬಾಯ್ಲ್ ನಿಯಮದ ವಕ್ರರೇಖೆ ಬರೆದೆ. 1662 ಎಂದು ಇಸವಿಯನ್ನೂ ಬರೆದೆ. ಹತ್ತು ಮೀಟರ್ ಆಳದಲ್ಲಿ ಶ್ವಾಸಕೋಶದ ತುಂಬ ಗಾಳಿ ಎಳೆದು, ಉಸಿರು ಕಟ್ಟಿಕೊಂಡು ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ, ಎದೆಗೂಡು ಹಿಗ್ಗುವುದಿಲ್ಲ, ಒಂದೂವರೆ ಮೀಟರ್ ಏರಿದರೂ ಶ್ವಾಸಕೋಶ ಹರಿಯಬಹುದು ಎಂದು ಬೆಂಗಳೂರಿನಿಂದ ಬಂದಿದ್ದ ನಾಲ್ವರು ಕಾಲೇಜು ಹುಡುಗರಿಗೆ ತಿಳಿಹೇಳಿದೆ. ಹುಡುಗ ಕೈಕಟ್ಟಿ ಕೇಳಿ, “ಸರ್ ಹೇಳಿದ್ದೇ ಮುಖ್ಯ. ನೀರೊಳಗೆ ಯಾವತ್ತೂ ಉಸಿರು ಹಿಡೀಬಾರ್ದು” ಎಂದ. ನಾನು ಮಾರ್ಕರಿನ ಮುಚ್ಚಳ ಹಾಕಿ ಕೂತೆ. ಮಗಳು ನೆಲ ನೋಡುತ್ತಿದ್ದಳು.

ಮಾಸ್ಕ್ ನನ್ನದೇ. 2,800 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದ್ದು. ಬಾಡಿಗೆ ಮಾಸ್ಕಿನೊಳಗೆ ಎಷ್ಟು ಜನ ಉಗುಳಿರುತ್ತಾರೋ ಎಂಬ ಮಡಿವಂತಿಕೆ. ಡೈವಿಂಗಿನಲ್ಲಿ ಉಗುಳುವುದು ಕೆಟ್ಟ ಅಭ್ಯಾಸವಲ್ಲ, ಗಾಜಿಗೆ ಮಂಜು ಕಟ್ಟದಿರಲಿ ಎಂದು ಮಾಡುವ ಉಪಾಯ. ಹೊಸ ಮಾಸ್ಕಾದರೆ ಗಾಜಿನ ಮೇಲೆ ತಯಾರಿಕೆಯ ಜಿಡ್ಡಿನ ಪದರ ಇರುತ್ತದೆ, ಟೂತ್‌ಪೇಸ್ಟ್ ಹಾಕಿ ಎರಡು ಮೂರು ಸಲ ಉಜ್ಜಬೇಕು. ಹುಡುಗ ಹೇಳಿದ. ನಾನು ಒಂದು ಸಲ ಉಜ್ಜಿದೆ. “ಮೀಸೆ ಇದ್ರೆ ಸ್ವಲ್ಪ ಲೀಕ್ ಆಗ್ತದೆ ಸರ್” ಎಂದೂ ಹೇಳಿದ. ಮಾಸ್ಕಿನ ಸಿಲಿಕಾನ್ ಅಂಚು ಬರಿಯ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಕೂದಲಿಗೆ ಅಂಟುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ಇರುವ ಮೀಸೆ. ಅದಿಲ್ಲದೆ ಕ್ಲಾಸಿಗೆ ಹೋದರೆ ಹಿಂದಿನ ಬೆಂಚು ಎದ್ದುಬಿಡುತ್ತದೆ ಎಂಬ ಭಯ ನನಗೆ. “ನೋಡೋಣ” ಎಂದೆ.

ಎರಡನೇ ದಿನ ಈಜುಕೊಳದಲ್ಲಿ ಅಭ್ಯಾಸ. ಮಾಸ್ಕಿನೊಳಗೆ ಅರ್ಧ ನೀರು ಬಿಟ್ಟುಕೊಂಡು ಹೊರಹಾಕುವುದು ಮೊದಲನೆಯದು. ಮೇಲಂಚನ್ನು ಹಣೆಗೆ ಒತ್ತಿ, ಸ್ವಲ್ಪ ತಲೆಯೆತ್ತಿ, ಮೂಗಿನಿಂದ ಉಸಿರು ಬಿಟ್ಟರೆ ಗಾಳಿ ಮೇಲೆ ಸೇರಿ ನೀರನ್ನು ಕೆಳಗಿನಿಂದ ತಳ್ಳುತ್ತದೆ. ಇದು ಬಂತು. ಆಮೇಲಿನದು ಮಾಸ್ಕನ್ನು ಪೂರ್ತಿ ತೆಗೆದು, ಒಂದು ನಿಮಿಷ ಬರಿಮುಖದಲ್ಲಿ, ಬಾಯಲ್ಲಿ ಕಚ್ಚಿಕೊಂಡ ರೆಗ್ಯುಲೇಟರಿನಿಂದ ಉಸಿರಾಡಿ, ಮತ್ತೆ ಹಾಕಿಕೊಳ್ಳುವುದು. ತೆಗೆದೆ. ಮೂಗಿಗೆ ನೀರು ನುಗ್ಗಿತು. ಎದೆಮಟ್ಟದ ನೀರಿನಲ್ಲಿ ಎದ್ದು ನಿಂತು, ಕೆಮ್ಮಿ, ಸೀನಿ, ಮೀಸೆಯಿಂದೆಲ್ಲ ನೀರು ಸುರಿಸಿದೆ. ಕಾಲೇಜು ಹುಡುಗರು ಸಭ್ಯವಾಗಿ ಬೇರೆ ಕಡೆ ನೋಡಿದರು. ನಕ್ಕಿದ್ದರೆ ಚೆನ್ನಾಗಿತ್ತು. ಎರಡನೇ ಸಲವೂ ಅದೇ. ಮೂರನೇ ಸಲ ಒಂದು ಉಪಾಯ ಹೊಳೆಯಿತು. ಮಾಸ್ಕ್ ತೆಗೆಯುತ್ತಲೇ ಎಡಗೈಯಿಂದ ಮೂಗು ಹಿಡಿದುಕೊಂಡೆ. ಮೂಗು ಬಿಡಿ ಎಂದು ಹುಡುಗ ನನ್ನ ಕೈ ತಟ್ಟಿದ. ನಾನು ಅರ್ಥವಾಗದವನ ಹಾಗೆ ಇದ್ದೆ. ಕಣ್ಣು ಮುಚ್ಚಿತ್ತಲ್ಲ, ನಟನೆಗೆ ಹೆಚ್ಚು ಶ್ರಮವೂ ಬೇಕಾಗಲಿಲ್ಲ. ನಿಮಿಷ ಕಳೆಯಿತು, ಮೇಲೆದ್ದೆ. “ಸರ್, ಮೂಗು ಬಿಟ್ಟು ಇನ್ನೊಂದ್ಸಲ ಮಾಡುವ” ಎಂದ. “ಬಂತಲ್ಲಪ್ಪ, ನಾಳೆ ಮಾಡಿದರಾಯಿತು” ಎಂದೆ, ಮೂವತ್ತು ವರ್ಷದ ಮೇಷ್ಟ್ರಗಿರಿಯ ದನಿಯಲ್ಲಿ. ಆ ದನಿಗೆ ಎಂಥವರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವನೂ ಸರಿದ. “ಆಯ್ತು ಸರ್. ಸಮುದ್ರದಲ್ಲಿ ಮೂರನೇ ಡೈವಿಗೆ ಹೇಗೂ ಮಾಡ್ಲೇಬೇಕು, ಆಗ ಮೂಗು ಹಿಡಿಯುವ ಹಾಗಿಲ್ಲ.”

ನಮ್ಮ ಪ್ರಯೋಗಾಲಯದಲ್ಲಿ ಲೋಲಕದಿಂದ ಗುರುತ್ವ ಕಂಡುಹಿಡಿಯುವ ಪ್ರಯೋಗವಿದೆ. ಪ್ರತಿವರ್ಷ ಕೆಲವು ಮಕ್ಕಳು ದಾರಕ್ಕೆ ಗುಂಡು ಕಟ್ಟದೆಯೇ, 9.8 ಎಂಬ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದು ರೆಕಾರ್ಡ್ ಬುಕ್ ತರುತ್ತಾರೆ. ಅಂಥವನ್ನು ನಾನು ಮೂರು ಮಾರು ದೂರದಿಂದ ಹಿಡಿಯುತ್ತೇನೆ, ರೀಡಿಂಗು ಅಷ್ಟು ಚೆನ್ನಾಗಿರುತ್ತದೆ. ಹಿಡಿದು ಇಡೀ ಕ್ಲಾಸಿನ ಎದುರು ರೆಕಾರ್ಡ್ ಎತ್ತಿ ತೋರಿಸುತ್ತೇನೆ ಕೂಡ. ಆ ಸಂಜೆ ಮುರ್ಡೇಶ್ವರದ ದಂಡೆಯಲ್ಲಿ ಚುರುಮುರಿ ತಿನ್ನುವಾಗ ಇದೊಂದೂ ನೆನಪಾಗಲಿಲ್ಲ.

ಮರುದಿನ ದೋಣಿ ಹೊರಟಿತು. ದಡದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್. ದಾರಿಯುದ್ದಕ್ಕೂ ಹಿಂದೆ ನೋಡುತ್ತ ಕೂತಿದ್ದೆ. ಮುರ್ಡೇಶ್ವರದ ಮೂರ್ತಿ, 123 ಅಡಿಯ ಶಿವ, ಹೆಬ್ಬೆರಳಷ್ಟಾಗಿ, ಆಮೇಲೆ ಅಕ್ಕಿಕಾಳಷ್ಟಾಗಿ, ಕೊನೆಗೆ ಇಲ್ಲವಾದ. ಮೊದಲ ಡೈವ್ ಸುಸೂತ್ರ. ಹವಳದ ಮೇಲೆ ಚಿಟ್ಟೆಮೀನು, ಕಲ್ಲು ಕಟಕಟ ಕಡಿಯುವ ಗಿಳಿಮೀನು. ಮೇಲೆ ಬಂದು ಬಿಸ್ಕತ್ತು ತಿಂದು ಒಂದು ಗಂಟೆ ಬಿಟ್ಟು ಎರಡನೆಯದಕ್ಕೆ ಇಳಿದೆವು. ಮಗಳೇ ನನ್ನ ಬಡ್ಡಿ. ಬಡ್ಡಿ ಅಂದರೆ ಸಾಲದ ಬಡ್ಡಿಯಲ್ಲ, ನೀರಿನಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಜೊತೆಗಾರರಿಗೆ ಡೈವಿಂಗಿನವರು ಅನ್ನುವ ಹೆಸರು.

ಒಂಬತ್ತು ಮೀಟರಿನಲ್ಲಿದ್ದೆವು. ಗಾಜಿಗೆ ಮಂಜು ಕಟ್ಟಿತ್ತು, ಒಂದೇ ಸಲ ಉಜ್ಜಿದ್ದರ ಫಲ. ಮೀಸೆಯ ಸಂದಿಯಿಂದ ನೀರು ಜಿನುಗುತ್ತ ಬಂದು ಮೂಗಿನ ಹೊಳ್ಳೆಯ ಮಟ್ಟಕ್ಕೆ ನಿಂತಿತ್ತು. ಬಹಳವೇನಲ್ಲ, ಎರಡು ಚಮಚ ಇರಬಹುದು. ಮೇಲಂಚು ಒತ್ತಿ ಮೂಗಿನಿಂದ ಉಸಿರು ಬಿಟ್ಟಿದ್ದರೆ ಮುಗಿದಿತ್ತು. ನಾನು ಬಿಡುವ ಬದಲು ಎಳೆದೆ. ಆ ಎರಡು ಚಮಚ ಉಪ್ಪುನೀರು ಮೂಗಿನ ಬೇರಿಗೆ ಮೆಣಸಿನ ಘಾಟಿನ ಹಾಗೆ ಹೊಡೆಯಿತು. ಆಮೇಲೆ ನನ್ನ ಎರಡೂ ಕೈ ಮುಖಕ್ಕೆ ಹೋಗಿ, ಅಲ್ಲಿ ಇದ್ದದ್ದನ್ನು ಹಿಡಿದು, ಕಿತ್ತು, ಎಸೆದವು. ಪಟ್ಟಿ ಜಾರಲಿಲ್ಲ. ಯಾರ ಫಿನ್ನೂ ಬಡಿಯಲಿಲ್ಲ. ನೀರಿಗೆ ಹೆದರಿ, ನೀರನ್ನು ತಡೆದಿದ್ದ ಒಂದೇ ವಸ್ತುವನ್ನು ನಾನೇ ಕಿತ್ತು ಬಿಸಾಡಿದೆ.

ಕಣ್ಣು ಬಿಟ್ಟರೆ ಉರಿ, ಮತ್ತು ಬರೀ ನೀಲಿ. ಕಣ್ಣು ಗಾಳಿಯಲ್ಲಿ ನೋಡಲು ಮಾಡಿದ್ದು. ಕಣ್ಣಿನ ಹೊರಪೊರೆ ಬೆಳಕನ್ನು ಬಾಗಿಸುವುದು ಎದುರಿಗೆ ಗಾಳಿ ಇದ್ದಾಗ. ನೀರಿನ ವಕ್ರೀಭವನ ಸೂಚ್ಯಂಕ 1.33, ಪೊರೆಯದು ಸುಮಾರು 1.38. ಎರಡೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬೆಳಕು ಅಷ್ಟಾಗಿ ಬಾಗುವುದಿಲ್ಲ, ಸ್ಪಷ್ಟ ಚಿತ್ರ ಮೂಡುವುದಿಲ್ಲ. ಮಾಸ್ಕ್ ಮಾಡುವ ಕೆಲಸವೆಲ್ಲ ಕಣ್ಣಿನ ಮುಂದೆ ಒಂದು ಹಿಡಿ ಗಾಳಿ ಇಡುವುದು, ಅಷ್ಟೇ. ಉಸಿರಿಗೂ ಅದಕ್ಕೂ ಸಂಬಂಧವೇ ಇಲ್ಲ. ಉಸಿರು ಬರುವುದು ಬಾಯಲ್ಲಿರುವ ರೆಗ್ಯುಲೇಟರಿನಿಂದ, ಅದು ನನ್ನ ಬಾಯಲ್ಲೇ ಇತ್ತು, ಬೆನ್ನಿನ ಸಿಲಿಂಡರಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ ಇತ್ತು. ಇದನ್ನೆಲ್ಲ ಈಗ ಬರೆಯುತ್ತಿದ್ದೇನೆ. ಆಗ ತಲೆಯಲ್ಲಿದ್ದದ್ದು ಒಂದೇ ಪದ: ಮೇಲೆ. ಎದೆ ತುಂಬ ಉಸಿರು ಕಟ್ಟಿಕೊಂಡು ಕಾಲು ಬಡಿಯತೊಡಗಿದೆ. ಎರಡು ದಿನದ ಹಿಂದೆ ಬೋರ್ಡಿನ ಮೇಲೆ ನಾನೇ ಬರೆದ ವಕ್ರರೇಖೆಯ ಮೇಲೆ ನಾನೇ ಹತ್ತುತ್ತಿದ್ದೆ.

ಯಾರೋ ಜಾಕೆಟ್ಟಿನ ಹೆಗಲಪಟ್ಟಿ ಹಿಡಿದು ಕೆಳಗೆ ಎಳೆದರು. ಒಂದು ಅಂಗೈ ಬಂದು ರೆಗ್ಯುಲೇಟರನ್ನು ನನ್ನ ಬಾಯಿಗೆ ಒತ್ತಿ ಹಿಡಿಯಿತು. ಉಗುಳಿಬಿಡುತ್ತೇನೆಂದು ಕಲಿಸುವ ಹುಡುಗನಿಗೆ ಗೊತ್ತಿತ್ತು, ಉಗುಳುವುದರಲ್ಲೇ ಇದ್ದೆ. ಆಮೇಲೆ ಹೊಟ್ಟೆಗೆ ಒಂದು ಗುದ್ದು ಬಿತ್ತು. ಬುಸ್ಸೆಂದು ಉಸಿರು ಹೊರಗೆ ಹೋಯಿತು. ಹೋದ ಮೇಲೆ ಒಳಗೆ ಬರಲೇಬೇಕಲ್ಲ, ಬಂತು. ಗಾಳಿ! ಇನ್ನೊಂದು ಉಸಿರು. ಅದೂ ಬಂತು. ಅವನ ಕೈ ನನ್ನ ತೋಳನ್ನು ಹಿಸುಕುತ್ತಿತ್ತು, ಹಿಸುಕಿದಾಗ ಎಳಿ, ಸಡಿಲಿಸಿದಾಗ ಬಿಡು ಎಂಬ ಹಾಗೆ, ಹಸುಗೂಸಿಗೆ ಜೋಗುಳದ ತಾಳ ಹಾಕಿದಂತೆ. ಅವನ ಜೇಬಿನಲ್ಲಿದ್ದ ಇನ್ನೊಂದು ಮಾಸ್ಕನ್ನು ಮುಖಕ್ಕೆ ಹಾಕಲು ನೋಡಿದ, ನಾನು ತಲೆ ಕೊಡವಿದೆ. ಒತ್ತಾಯ ಮಾಡಲಿಲ್ಲ. ಕಣ್ಣು ಮುಚ್ಚಿದ ನನ್ನನ್ನು ಕುರುಡನನ್ನು ರಸ್ತೆ ದಾಟಿಸುವ ಹಾಗೆ ನಿಧಾನವಾಗಿ ಮೇಲೆ ತಂದ.

ದೋಣಿ ಹತ್ತಿದ ಮೇಲೆ ಡೈವಿಂಗ್ ಕೇಂದ್ರದ ಹಿರಿಯರೊಬ್ಬರು ಏನಾಯಿತೆಂದು ಕೇಳಿದರು. ಮೂಗಿನಿಂದ ನೀರು ಇಳಿಯುತ್ತಿತ್ತು. ಎದುರಿಗೆ ನಾಲ್ವರು ಕಾಲೇಜು ಹುಡುಗರು. “ಪಟ್ಟಿ ಜಾರಿತು” ಎಂದೆ.

ಹಿರಿಯರು ಹುಡುಗನ ಕಡೆ ತಿರುಗಿದರು. “ಇಳಿಯುವ ಮೊದಲು ಪಟ್ಟಿ ನೋಡ್ಲಿಲ್ವನಾ? ಎಷ್ಟು ಸಲ ಹೇಳ್ಬೇಕು ನಿಂಗೆ?” ಅವನು ನನ್ನ ಕಡೆ ಒಂದು ಸಲ ನೋಡಿದ. ಅಷ್ಟೇ. ಒಂದು ಮಾತಾಡಲಿಲ್ಲ. ಬೈಗುಳ ಇನ್ನೂ ಸ್ವಲ್ಪ ಹೊತ್ತು ನಡೆಯಿತು. ನಾನು ಬಿಸ್ಕತ್ತಿನ ಪೊಟ್ಟಣ ಬಿಚ್ಚುವುದರಲ್ಲಿ ಮಗ್ನನಾಗಿದ್ದೆ. ಅದು ಬಿಚ್ಚಲು ಅಷ್ಟು ಕಷ್ಟದ ಪೊಟ್ಟಣವೇನೂ ಆಗಿರಲಿಲ್ಲ.

ಕೋರ್ಸು ಅಲ್ಲಿಗೇ ನಿಂತಿತು. ನೆಗಡಿ ಎಂದು ಹೇಳಿ ಮರುದಿನವೇ ಊರಿಗೆ ಬಂದೆ. ಆಮೇಲಿನ ಕಥೆ ಮೊದಲೇ ಹೇಳಿದ್ದೇನೆ.

ಒಂದು ಗೃಹಪ್ರವೇಶದಲ್ಲಿ ಸೆಳೆತದ ಆವೃತ್ತಿಯನ್ನು ಹೇಳಿ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದೆ. ಮಗಳು ಬಂದು ಚೊಂಬಿನಿಂದ ನೀರು ಹಾಕುತ್ತ, “ಅಪ್ಪ, ನೀನೇ ಕಿತ್ತು ಬಿಸಾಕಿದ್ದಲ್ವಾ? ನಾನು ಅಲ್ಲೇ ಇದ್ದೆ” ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಹಾಸ್ಯವೂ ಇರಲಿಲ್ಲ. ಎರಡು ವರ್ಷ ಬಾಯಿ ಬಿಡದೆ ಇಟ್ಟುಕೊಂಡಿದ್ದಳು. “ನನಗೇನೂ ಇಲ್ಲ. ಆದ್ರೆ ಆ ಹುಡುಗ ಬೈಸ್ಕೊಂಡ” ಎಂದು ಚೊಂಬು ಇಟ್ಟು ಹೋದಳು. ಬಡ್ಡಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ ಅನ್ನಿಸಿತು, ಅಸಲಿನ ಮೇಲೆ ಚೆನ್ನಾಗಿಯೇ ಬೆಳೆದಿತ್ತು.

ಅವತ್ತಿನಿಂದ ಯೋಚಿಸುತ್ತಿದ್ದೇನೆ, ನಾನು ಹೆದರಿದ್ದು ನೀರಿಗೋ, ಕೆಮ್ಮುವುದಕ್ಕೋ ಎಂದು. ಈಜುಕೊಳದಲ್ಲಿ ಕೆಮ್ಮಿದರೆ ಸಾಯುವುದಿಲ್ಲ. ಅಲ್ಲಿ ಹತ್ತು ಸಲ ಕೆಮ್ಮಿದ್ದರೆ ಹನ್ನೊಂದನೆಯ ಸಲಕ್ಕೆ ಮೂಗು ಕಲಿಯುತ್ತಿತ್ತು. ಆದರೆ ನನ್ನ ಅರ್ಧ ವಯಸ್ಸಿನವರ ಎದುರು ಮೂಗು ಸುರಿಸುತ್ತ ನಿಲ್ಲುವ ಹತ್ತು ನಿಮಿಷ ನನಗೆ ದುಬಾರಿಯಾಗಿ ಕಂಡಿತು. ಪಾಠ ಹೇಳುವವರಿಗೆ ಇದೊಂದು ಔದ್ಯೋಗಿಕ ಕಾಯಿಲೆ ಇರಬೇಕು. ಎಲ್ಲದರ ವಿವರಣೆ ಗೊತ್ತಿರುತ್ತದೆ, ಹಾಗಾಗಿ ಬರುತ್ತದೆ ಅಂದುಕೊಂಡುಬಿಡುತ್ತೇವೆ. ನನಗೆ ಗೊತ್ತಿದ್ದ ಬಾಯ್ಲ್ ನಿಯಮ ಒಂಬತ್ತು ಮೀಟರಿನಲ್ಲಿ ಒಂದು ಸೆಕೆಂಡೂ ಉಪಯೋಗಕ್ಕೆ ಬರಲಿಲ್ಲ. ಹೊಟ್ಟೆಗೆ ಬಿದ್ದ ಗುದ್ದು ಬಂತು.

ಹೆಂಡತಿಗೂ ನಿಜ ಹೇಳಿದೆ. ಅವಳು ನಗಲಿಲ್ಲ, ಬೈಯಲಿಲ್ಲ. ಬಚ್ಚಲಿನ ಗೂಡಿನಿಂದ ತನ್ನ ಜಲನೇತಿಯ ತಾಮ್ರದ ಗಿಂಡಿ ತಂದು ಎದುರಿಗಿಟ್ಟಳು. ಸೈನಸ್ಸಿನ ಕಾಟಕ್ಕೆಂದು ಹನ್ನೆರಡು ವರ್ಷದಿಂದ ಬೆಳಿಗ್ಗೆ ಎದ್ದು ಮಾಡುತ್ತಾಳೆ, ಕುದಿಸಿ ಆರಿಸಿದ ಉಗುರುಬೆಚ್ಚಗಿನ ಉಪ್ಪುನೀರನ್ನು ಒಂದು ಹೊಳ್ಳೆಗೆ ಹಾಕಿ ಇನ್ನೊಂದರಿಂದ ಬಿಡುವುದು. ಅಷ್ಟು ವರ್ಷವೂ ನಾನು ಆ ಹೊತ್ತಿಗೆ ಪೇಪರ್ ಹಿಡಿದು ಜಗಲಿಗೆ ಹೋಗುತ್ತಿದ್ದೆ, ನೋಡಲಾಗದೆ. “ಬಾಯಲ್ಲಿ ಉಸಿರಾಡ್ತಾ ಇರಿ. ಮೂಗು ಅಂತ ಒಂದಿದೆ ಅನ್ನೋದನ್ನೇ ಮರ್ತುಬಿಡಿ” ಎಂದಳು. ಡೈವಿಂಗ್ ಕಲಿಸುವವರು ಹೇಳುವುದೂ ಇದನ್ನೇ. ಬಾಯಲ್ಲಿ ಉಸಿರಾಡುತ್ತಿದ್ದರೆ ಅಂಗುಳದ ಹಿಂಭಾಗದ ಮೆತ್ತನೆಯ ಮಾಂಸ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಿಕೊಳ್ಳುತ್ತದೆ. ನೀರು ಮೂಗಿನಲ್ಲಿರುತ್ತದೆ, ಗಂಟಲಿಗೆ ಬರುವುದಿಲ್ಲ. ಮೊದಲ ವಾರ ಬಚ್ಚಲಿನಲ್ಲಿ ನನ್ನ ಆರ್ಭಟ ಕೇಳಿ ಪಕ್ಕದ ಮನೆಯವರು ಆರೋಗ್ಯ ವಿಚಾರಿಸಿದರು. ಮೂರನೇ ವಾರಕ್ಕೆ ಒಂದು ಗಿಂಡಿ ನೀರು ಸದ್ದಿಲ್ಲದೆ ದಾಟಿತು. ಆಮೇಲೆ ಅಗಲ ಬಾಯಿನ ಬಕೆಟ್ಟು, ಸ್ನಾರ್ಕೆಲ್ ಕೊಳವೆ. ಮುಖ ಮುಳುಗಿಸಿ, ಮೂಗು ಬಿಟ್ಟು, ಕೊಳವೆಯಲ್ಲಿ ಉಸಿರಾಡುತ್ತ ನೂರು ಎಣಿಸುವುದು. ಹಾಲಿನವನು ಒಮ್ಮೆ ಕಿಟಕಿಯಿಂದ ನೋಡಿ ಹಾಲು ಇಟ್ಟು ಬೇಗ ಹೋದ.

ಕಳೆದ ಡಿಸೆಂಬರಿನಲ್ಲಿ ಮತ್ತೆ ಮುರ್ಡೇಶ್ವರಕ್ಕೆ ಹೋದೆ. ಹುಡುಗ ಅಲ್ಲೇ ಇದ್ದ, ಸಿಲಿಂಡರುಗಳನ್ನು ಹೊತ್ತು ದೋಣಿಗೆ ಇಡುತ್ತಿದ್ದ. ಪಕ್ಕಕ್ಕೆ ಕರೆದು, ಪಟ್ಟಿ ಜಾರಲಿಲ್ಲ, ನಾನೇ ಕಿತ್ತದ್ದು ಎಂದೆ. ದಾರಿಯಲ್ಲಿ ದೊಡ್ಡ ಮಾತು ಏನೇನೋ ಜೋಡಿಸಿಕೊಂಡು ಬಂದಿದ್ದೆ, ಯಾವುದೂ ಬರಲಿಲ್ಲ.

“ಗೊತ್ತು ಸರ್. ಪಟ್ಟಿ ನಾನೇ ನೋಡಿದ್ದೆ, ಸಮಾ ಇತ್ತು.”

“ಮತ್ತೆ ಅವತ್ತು ಹೇಳಲಿಲ್ಲ ಯಾಕೆ?”

“ದೋಣಿಯಲ್ಲಿ ನಿಮ್ಮ ಮಗಳಿದ್ರಲ್ಲ ಸರ್.”

ಹಿರಿಯರನ್ನೂ ಹುಡುಕಿಕೊಂಡು ಹೋಗಿ ಹೇಳಿದೆ. ಅವರಿಗೆ ಆ ದಿನವೂ ನೆನಪಿರಲಿಲ್ಲ, ನಾನೂ ನೆನಪಿರಲಿಲ್ಲ. “ಆಗ್ತಾ ಇರ್ತದೆ ಬಿಡಿ” ಎಂದು ಫೋನ್ ಎತ್ತಿಕೊಂಡರು.

ಕೋರ್ಸನ್ನು ಮೊದಲಿನಿಂದ ಮಾಡಿದೆ. ಈಜುಕೊಳದಲ್ಲಿ ಮಾಸ್ಕ್ ತೆಗೆದಾಗ ಒಂದು ಸಲ ಕೆಮ್ಮಿ ಎದ್ದೆ, ಪಕ್ಕದಲ್ಲಿದ್ದ ಹುಬ್ಬಳ್ಳಿಯ ಹುಡುಗಿಯೊಬ್ಬಳು ಜೋರಾಗಿ ನಕ್ಕಳು. ಎರಡನೇ ಸಲ ಅರವತ್ತು ಎಣಿಸಿದೆ. ಸಮುದ್ರದಲ್ಲಿ ಆರು ಮೀಟರ್ ಕೆಳಗೆ ಮರಳಿನ ಮೇಲೆ ಮಂಡಿಯೂರಿ ಕೂತು, ಹುಡುಗ ಸನ್ನೆ ಮಾಡಿದಾಗ ಮಾಸ್ಕ್ ತೆಗೆದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಎದುರಿಗೆ ಕಪ್ಪಗೆ ಕಲಸಿದಂತೆ ಕಾಣುತ್ತಿದ್ದದ್ದು ಅವನೇ ಇರಬೇಕು. ಗುಳ್ಳೆಗಳು ಕೆನ್ನೆ ಸವರಿಕೊಂಡು ಹೋಗುತ್ತಿದ್ದವು. ಮೂಗಿನೊಳಗೆ ನೀರಿತ್ತು.

ಮೀಸೆ ಪೂರ್ತಿ ತೆಗೆದಿಲ್ಲ. ಮೂಗಿನ ಬುಡದಲ್ಲಿ ಒಂದು ಗೆರೆಯಷ್ಟು ಬೋಳಿಸಿದ್ದೇನೆ, ಮಾಸ್ಕಿನ ಅಂಚು ಕೂರಲೆಂದು. ಕ್ಲಾಸಿನಲ್ಲಿ ಯಾರೂ ಗಮನಿಸಿಲ್ಲ. ಈಗಲೂ ಸ್ವಲ್ಪ ನೀರು ಒಳಗೆ ಬರುತ್ತದೆ.